ದಿಂಬಿಗೆ ತುಂಬಿದ ಕರಿ ಎಳೆ

"ನಿನ್ನ ತಲೆಯಲ್ಲಿ ಸೆಗಣಿ ಉಂಟಾ? ಕಾರ್ಖಾನೆಯ ಕಸವನ್ನು ದಿಂಬಿಗೆ ತುಂಬಿಸ್ಲಿಕ್ಕೆ ಯಾರು ಹೇಳಿದ್ದು, ದರಿದ್ರ ರಂಡೆ?"

ಸೂಪರ್‌ವೈಸರ್ ಜಯೇಶ್ ದಾನಮ್ಮನನ್ನು ಗೋದಾಮಿನ ಗೋಡೆಗೆ ಒತ್ತರಿಸಿ ನಿಲ್ಲಿಸಿದ್ದ. ಯಂತ್ರಗಳ ಮುಂದಿದ್ದ ಹೆಂಗಸರಿಗೆ ಕೇಳಿಸದಂತೆ ಹಲ್ಲು ಕಚ್ಚಿ ಬೈಯುತ್ತಿದ್ದ.

"ನೀವೇ ಮನಿಗೆ ಒಯ್ಯಿ ಅಂದಿದ್ರಿ, ಸಾಹೇಬ್ರ."

"ಕಚರಾ ಡಬ್ಬಕ್ಕೆ ಹಾಕು ಅಂದದ್ದು. ಹಾಸಿಗೆ ಹೊಲಿ ಅಂದದ್ದಾ?"

ಡೊಂಬಿವಲಿಯ ಆ ಶೆಡ್ಡಿನಲ್ಲಿ ಕೂದಲಿಗಿಂತ ತೆಳ್ಳಗಿನ ಕಾರ್ಬನ್ನಿನ ಕರಿ ಎಳೆಯನ್ನು ಸಣ್ಣ ಸಣ್ಣ ಸುರುಳಿ ಸುತ್ತುತ್ತಿದ್ದರು. ಮೀನಿನ ಗಾಳದ ಕೋಲಿಗೆ ಹೋಗುತ್ತದೆ ಎಂದು ಹೇಳಿದ್ದರು. ಸುತ್ತುವಾಗ ಉದುರಿದ ನಾರನ್ನು ಸಾಗಿಸಲು ಬೇರೆ ಗಾಡಿ ತರಿಸಬೇಕು. ಆ ಖರ್ಚು ತಪ್ಪಿಸಲು ಜಯೇಶ್ ಸಂಜೆ ಹೆಂಗಸರ ಕೈಗೇ ಚೀಲ ಕೊಟ್ಟು ಕಳಿಸುತ್ತಿದ್ದ. ದಾನಮ್ಮ ಅಫಜಲಪುರದ ಕಡೆಯವಳು. ಹರಿದ ಸೀರೆಯ ಚಿಂದಿಯನ್ನೂ ಬಿಡದೆ ಕೌದಿ ಹೊಲಿಯುವವಳಿಗೆ ಅಷ್ಟು ಮೆತ್ತಗಿನ ನಾರನ್ನು ಎಸೆಯಲು ಮನಸ್ಸಾಗಲಿಲ್ಲ. ದಿಂಬು ಮಾಡಿದಳು. ತನಗಲ್ಲ, ಪಕ್ಕದ ಖೋಲಿಯ ಮಾಪಣ್ಣನಿಗೆ. ಕಲ್ಲು ಪುಡಿ ಮಾಡುವ ಖಡಿ ಮಶೀನಿನ ಧೂಳು ಕುಡಿದು ಅವನ ಎದೆ ಕೆಟ್ಟಿತ್ತು. ಮೂಗಿಗೆ ಆಕ್ಸಿಜನ್ ಮಶೀನಿನ ಕೊಳವೆ ಸಿಕ್ಕಿಸಿ, ಬೆನ್ನಿಗೆ ಏನಾದರೂ ಒತ್ತು ಕೊಟ್ಟು ಕೂತರೆ ಮಾತ್ರ ಉಸಿರಾಟ. ಅವನ ಹೆಂಡತಿ ಚಂದ್ರಬಾಯಿಗೆ ಶೆಡ್ಡಿನಲ್ಲಿ ದಾನಮ್ಮನ ಪಕ್ಕದ್ದೇ ಯಂತ್ರ.

"ಇದೇನ್ ದಿಂಬೋ ಇರಿವಿ ಗೂಡೋ, ತಂಗೆವ್ವಾ!" ಎಂದು ಮಾಪಣ್ಣ ನಕ್ಕಿದ್ದ. "ಬೆನ್ನೆಲ್ಲಾ ತಿಂಡಿ ಎದ್ದದ, ಕೆರದು ಕೆರದು ಸಾಕಾಯ್ತು. ಸಾಯೋ ಮುದುಕನ್ನ ಕುಣಸ್ತೀ ಏನು?"

ದಾನಮ್ಮನೂ ನಕ್ಕಳು. ದಿಂಬನ್ನು ಚಾಳಿನ ಮಾಳಿಗೆಗೆ ಒಯ್ದು, ಹೊಲಿಗೆ ಬಿಚ್ಚಿ ಝಾಡಿಸಿದಳು. ಗಾಳಿಯಿತ್ತು. ನಾರು ಹೊಗೆಯ ಹಾಗೆ ತೇಲಿಕೊಂಡು ಹೋಗಿ ಕೆಳಗಿನ ಟ್ರಾನ್ಸ್‌ಫಾರ್ಮರಿನ ಮೇಲೆ ಇಳಿಯಿತು. ತಂತಿಯ ಹಾಗೆ ಕರೆಂಟು ಹಾಯಿಸುವ ನಾರು ಅದು. ಕಿಡಿ ಹಾರಿತು, ಢಮ್ಮೆಂದಿತು. ಚಾಳಿನ ಫ್ಯಾನುಗಳೆಲ್ಲ ನಿಂತವು. ಮಾಪಣ್ಣನ ಮಶೀನೂ ನಿಂತಿತು. ಅವನನ್ನು ಚಾದರದಲ್ಲಿ ಹೊತ್ತು ಇಳಿಸುವಾಗ ಒಂದು ತುದಿ ಹಿಡಿದವಳು ದಾನಮ್ಮನೇ. ಠಾಕುರ್ಲಿ ರೈಲ್ವೆ ಫಾಟಕ ದಾಟುವ ಮೊದಲೇ ರಿಕ್ಷಾದಲ್ಲಿ ಅವನ ಬಾಯಿ ತೆರೆದದ್ದು ಮತ್ತೆ ಮುಚ್ಚಲಿಲ್ಲ.

ಲೋಡು ಹೆಚ್ಚಾಗಿ ಸುಟ್ಟಿತು ಎಂದು ಚಾಳಿನವರು ತಿಳಿದರು. ಆದರೆ ರಿಪೇರಿಗೆ ಬಂದವರ ಕೈಗೆ ಕರಿ ಎಳೆ ಸಿಕ್ಕಿತ್ತು. ಸುದ್ದಿ ಜಯೇಶನ ಕಿವಿಗೆ ಬಿದ್ದಿತ್ತು. ಅದಕ್ಕೇ ಗೋದಾಮಿನಲ್ಲಿ ಈ ಬೈಗುಳ.

"ಅವರ ಬಾಯಿ ನಾನು ಮುಚ್ಚಿಸಿದ್ದೇನೆ," ಎಂದ. "ನೀನು ಬಾಯಿ ಬಿಟ್ಟೆಯೋ, ಕೊಲೆ ಕೇಸು ನಿನ್ನ ಮೇಲೆ. ಆ ಚಂದ್ರಬಾಯಿಗೆ ಗೊತ್ತಾದ್ರೆ ನಿನ್ನನ್ನು ಸಿಗಿದು ಹಾಕ್ತಾಳೆ. ಸುಮ್ಮನೆ ಹೋಗಿ ಸುತ್ತು. ಆರ್ಡರ್ ದುಪ್ಪಟ್ಟು ಉಂಟು."

ದಾನಮ್ಮ ಸುತ್ತಿದಳು. ಮಣ್ಣು ಮುಗಿಸಿ ಚಂದ್ರಬಾಯಿ ಬಳೆ ಕಳೆದ ಬರಿಗೈಯಲ್ಲಿ ಕೆಲಸಕ್ಕೆ ಬಂದಾಗಲೂ, ಅವಳ ಮಗ್ಗುಲಲ್ಲೇ ಕೂತು ಸುತ್ತಿದಳು. ಊಟದ ಹೊತ್ತಿಗೆ ಚಂದ್ರಬಾಯಿ ತನ್ನ ರೊಟ್ಟಿ ಮುರಿದು ಅರ್ಧ ಇವಳ ಕೈಗಿಟ್ಟಳು.

"ತಿನ್ನಬೇ. ಎಟ್ಟ ಸೊರಗಿದಿ. ನೀ ಇದ್ದಿ ಅಂತ ಮುದುಕನ್ನ ಕೆಳಗಾದ್ರೂ ಇಳಸಿದ್ವಿ."

ದಾನಮ್ಮ ತಿಂದಳು. ನೀರು ಕುಡಿದು ಕುಡಿದು ನುಂಗಿದಳು.

ಇಲ್ಲೇ ಹುಟ್ಟಿ ಬೆಳೆದ ಜ್ಯೋತಿ ಎದುರಿನ ಬೆಂಚಿನಿಂದ ಫೋನು ಚಾಚಿದಳು. "ಕಾಕೂ, ಯೇ ದೇಖೋ. ಅಪ್ನಾ ಮಾಲ್ ಹೈ ಕ್ಯಾ?"

ಫೋನಿನಲ್ಲಿ ಯಾವುದೋ ದೂರ ದೇಶದ ಯುದ್ಧ. ಕರೆಂಟಿನ ತಂತಿಗಳ ತುಂಬ ಕರಿ ಎಳೆ ಜೋತಾಡುತ್ತಿತ್ತು. ವಿಮಾನದಿಂದ ಬಿದ್ದ ಡಬ್ಬಿಗಳು ಗಾಳಿಯಲ್ಲೇ ಒಡೆದು ಅದನ್ನು ಹರಡಿದವಂತೆ. ದಂಡಿನ ಠಾಣ್ಯದಲ್ಲಿ ಜನರೇಟರು ಕೂಡಲೇ ಶುರುವಾಗಿ ರೇಡಾರು ಮತ್ತೆ ತಿರುಗುತ್ತಿತ್ತು. ಊರಿನಲ್ಲಿ ನಲ್ಲಿ ಬಂದಾಗಿತ್ತು. ಆಸ್ಪತ್ರೆಯ ಓಣಿಯಲ್ಲಿ ಒಬ್ಬ ಹೆಂಗಸು ಮುದುಕನ ಮುಖಕ್ಕೆ ಉಸಿರು ತುಂಬುವ ರಬ್ಬರಿನ ಚೀಲ ಹಿಡಿದು ಒತ್ತುತ್ತಿದ್ದಳು. ಒತ್ತಿ ಒತ್ತಿ ಕೈ ಸೋತು, ಇನ್ನೊಂದು ಕೈಗೆ ಬದಲಾಯಿಸಿದಳು.

ದಾನಮ್ಮ ಆ ಕೈಯನ್ನೇ ನೋಡಿದಳು.

"ಹೌದು, ನಮ್ಮದೇ ಮಾಲು. ಎಂಥ ಈಗ?" ಹಿಂದಿನಿಂದ ಜಯೇಶ್ ಬಂದಿದ್ದ. ಕೈಯಲ್ಲಿ ಮಿಠಾಯಿ ಪೆಟ್ಟಿಗೆ. "ಅದರಲ್ಲಿ ಯಾರೂ ಸಾಯುವುದಿಲ್ಲ ಮಾರಾಯ್ತಿ. ಲೈಟ್ ಮಾತ್ರ ಹೋಗುವುದು. ಮಾಲು ಪಾಸಾಯ್ತು ಅಂತ ಶೇಟ್ ಪೇಡಾ ಕಳಿಸಿದ್ದಾರೆ. ಬಾಯಿ ಸಿಹಿ ಮಾಡಿ ಏಳಿ."

ಮೊದಲ ಪೇಡಾ ಚಂದ್ರಬಾಯಿಯ ಅಂಗೈಗೆ ಇಟ್ಟ.

"ಚಂದ್ರಕ್ಕಾ, ಅದನ್ನ ತಿನಬ್ಯಾಡ."

"ದಾನಮ್ಮಾ," ಎಂದ ಜಯೇಶ್, ಮೆಲ್ಲಗೆ.

"ನಿನ್ನ ಗಂಡನ್ನ ಸಾಯಿಸಿದಾಕಿ ನಾ. ಆ ದಿಂಬಿನ್ಯಾಗ ಇದೇ ಎಳಿ ತುಂಬಿದ್ದೆ. ಮಾಳಗಿ ಮ್ಯಾಲ ಝಾಡಿಸಿದೆ, ಲೈಟ್ ಹೋತು. ಈ ಬಾಡ್ಯಾ ಜಯೇಶಗ ಗೊತ್ತದ. ಹೇಳಿದ್ರ ಜೇಲಿಗೆ ಹಾಕಸ್ತೀನಿ ಅಂತ ಹೆದರಿಸ್ಯಾನ. ಹೆದರಿ ಸುತ್ತಲಿಕತ್ತಿದ್ದೆ."

ಚಂದ್ರಬಾಯಿಯ ಬೆರಳ ಸಂದಿಯಿಂದ ಪೇಡಾ ಹಿಚುಕಿ ಹೊರಬಂತು. ಅದೇ ಕೈಯಿಂದ ದಾನಮ್ಮನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ದಾನಮ್ಮ ಕೈ ಅಡ್ಡ ಹಿಡಿಯಲಿಲ್ಲ.

"ನನ್ನ ರೊಟ್ಟಿ ತಿಂದೆಲ್ಲಬೇ," ಎಂದಳು ಚಂದ್ರಬಾಯಿ. "ಈಗರೇ ತಿಂದೆಲ್ಲ."

"ನಿಮ್ಮ ಚಾಳಿನ ಜಗಳ ಚಾಳಿನಲ್ಲಿ ಇಟ್ಕೊಳ್ಳಿ!" ಜಯೇಶ್ ಹೋಗಿ ಮೇನ್ ಸ್ವಿಚ್ ಎತ್ತಿದ. ಸಾಲು ಯಂತ್ರಗಳು ನಡುಗಿ ತಿರುಗತೊಡಗಿದವು.

ದಾನಮ್ಮ ತನ್ನ ಯಂತ್ರದ ಮುಂದೆ ನಿಂತು, ಓಡುವ ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಎಳೆ ಅಂಗೈಯನ್ನು ಸೀಳಿತು. ಬಿಡಲಿಲ್ಲ. ಸುರುಳಿಗಳು ಕಿತ್ತು ಬಂದು ನೆಲದ ಮೇಲೆ ಉರುಳಿದವು.

"ಬಿಡೇ ಸೂಳೆ!" ಜಯೇಶ್ ಅವಳ ತುರುಬಿಗೆ ಕೈ ಹಾಕಿದ.

ಆಗ ಪಕ್ಕದ ಯಂತ್ರ ಕಿರುಗುಟ್ಟಿ ನಿಂತಿತು. ಚಂದ್ರಬಾಯಿಯೂ ಎಳೆ ಜಗ್ಗಿದ್ದಳು. ಮೊಣಕೈವರೆಗೆ ರಕ್ತ ಇಳಿಯುತ್ತಿತ್ತು. ಇನ್ನೂ ಜಗ್ಗುತ್ತಲೇ ಇದ್ದಳು.

ದಾನಮ್ಮನ ಕಡೆ ಮಾತ್ರ ನೋಡಲಿಲ್ಲ.