ಭಾಗ್ಯಾಳ ಹಾಜರಿ

“ನಿನ್ನ ಮಗಳ ತಲಿಯಾಗ ಸಗಣಿ ತುಂಬೇತಿ ಅಂದ್ರ ಅದಕ್ಕ ನಾ ಏನ್ ಮಾಡ್ಲೆಲೇ?”

ಬಸಂತರಾಯ ಗೌಡ ಬದುವಿನ ಮೇಲೆ ನಿಂತು ಎಲೆಯಡಿಕೆ ಉಗುಳಿದ. “ನಾಳಿ ಸಾಲಿ ತಪಾಸಣಿಗೆ ಸಾಹೇಬ್ರು ಬರಾಕತ್ತಾರ. ನಿಮ್ಮ ಕೇರಿ ಹುಡುಗೂರು ಒಂದೂ ಆ ಕಡಿ ಹಾಯಬಾರ್ದು. ನಿನ್ನ ಮಗಳನ್ನ ತೋಟಕ್ಕ ಕರ್ಕೊಂಡ್ ಬಾ. ಹಣ್ಣ ಆರಿಸ್ಲಿ.”

ಶಂಕ್ರೆವ್ವ ಲಿಂಬೆ ಗಿಡದೊಳಗೆ ತೂರಿಸಿದ ಕೈ ತೂರಿಸಿದಂತೆಯೇ ನಿಂತಳು. ಮುಳ್ಳು ಮೊಣಕೈವರೆಗೆ ಗೀರಿತ್ತು. ಇಂಡಿ ಮಾರುಕಟ್ಟೆಗೆ ಹೋಗುವ ಹಣ್ಣಿನ ಮೇಲೆ ಗೀರು ಬಿದ್ದರೆ ಗೌಡ ಊರು ಒಂದು ಮಾಡುತ್ತಾನೆ, ಹಣ್ಣು ಕೀಳುವವಳ ಕೈ ಯಾರಿಗೆ ಬೇಕು.

“ದಿನಾ ಹೋಗೂ ಸಾಲಿ ಐತಲ್ರಿ ಗೌಡ್ರ.”

“ದಿನಾ ಹೋಗಿ ಏನ್ ಕಿಸದಾಳ? ಸಾಹೇಬ್ರು ಒಬ್ಬೊಬ್ರನ್ನ ಎಬ್ಬಿಸಿ ಓದಸ್ತಾರ. ಚಲೋ ಓದಿದ್ರ ಹೊಸಾ ಖೋಲಿ ಕಟ್ಟಾಕ ಮಂಜೂರ. ಓದ್ಲಿಲ್ಲಂದ್ರ ಸಾಲಿ ಬಂದ್ ಮಾಡಿ ಬಾಜೂ ಊರಿಗೆ ಸೇರಸ್ತಾರ. ನಿನ್ನ ಮಗಳ ಸಲುವಾಗಿ ಊರ ಸಾಲಿ ಮುಳಗಬೇಕೇನ?”

ಗೌಡನೇ ಶಾಲಾ ಸಮಿತಿಯ ಅಧ್ಯಕ್ಷ. ಅವನ ಸ್ವಂತ ಮೊಮ್ಮಗಳು ವಿಜಯಲಕ್ಷ್ಮಿ ಮಾತ್ರ ಹಳದಿ ವ್ಯಾನು ಹತ್ತಿ ಇಂಡಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಇದನ್ನು ಅವನ ಮುಖಕ್ಕೆ ಹೇಳುವ ಗಂಡಸು ಊರಲ್ಲಿ ಇನ್ನೂ ಹುಟ್ಟಿಲ್ಲ. ಶಂಕ್ರೆವ್ವ ಎಲ್ಲಿಂದ ಹೇಳಿಯಾಳು?

“ಆತ್ರಿ,” ಎಂದಳು. ಅಂದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಯಲ್ಲಿ ಮಗಳಿಗೆ, ನಾಳೆ ಸಾಲಿ ಸೂಟಿ ಎಂದು ಸುಳ್ಳು ಹೇಳಿದಳು. ಐದನೆಯ ತರಗತಿಯ ಭಾಗ್ಯಾ ನಂಬಲಿಲ್ಲ.

“ಸೂಟಿ ಎಲ್ಲೈತಿ? ಸಾಹೇಬ್ರು ಬರ್ತಾರಂತ ಇವತ್ತ ನನ್ನ ಕಡಿಂದ ಎರಡ್ ಸಲ ಕಕ್ಕಸ ತೊಳಸ್ಯಾರ.”

ಶಂಕ್ರೆವ್ವನಿಗೆ ಇದು ಹೊಸ ಸುದ್ದಿಯಲ್ಲ. ಕೇರಿಯ ಮಕ್ಕಳೇ ಶಾಲೆಯ ಕಸ ಹೊಡೆಯುತ್ತವೆ, ಕಕ್ಕಸಿಗೆ ನೀರು ಹಾಕುತ್ತವೆ ಎಂಬುದು ಅವಳಿಗೆ ಮೊದಲಿನಿಂದಲೂ ಗೊತ್ತು. ಕೇಳಲು ಹೋದರೆ ತೋಟದ ಕೂಲಿ ತಪ್ಪುತ್ತದೆ. ಅದಕ್ಕೇ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು.

ಮರುದಿನ ತಾಯಿ ಮಗಳು ತೋಟದಲ್ಲಿದ್ದಾಗ ಗೌಡನ ಫೋನು ಬಂತು. ಸಾಹೇಬರಿಗೆ ಶರಬತ್ತು ಮಾಡಬೇಕು, ಲಿಂಬೆಹಣ್ಣು ಶಾಲೆಗೆ ತಂದು ಹೊರಗೇ ಇಟ್ಟು ಹೋಗಬೇಕು. ಇಡೀ ಹಣ್ಣು ಅವಳ ಕೈಯಿಂದ ಬಂದರೆ ನಡೆಯುತ್ತದೆ, ಹೆಚ್ಚಿ ಹಿಂಡಲು ಮಾತ್ರ ಬೇರೆ ಕೈ ಬೇಕು.

ಶಾಲೆಯ ಪಡಸಾಲೆಯಲ್ಲಿ ಬುಟ್ಟಿ ಇಳಿಸುವ ಹೊತ್ತಿಗೆ ಒಳಗೆ ಹೆಡ್‌ಮಾಸ್ತರ ಸಿದ್ದಾರೂಢ ಹಾಜರಿ ಕರೆಯುತ್ತಿದ್ದ.

“ಭಾಗ್ಯಾ ಗುರಲಿಂಗಪ್ಪ.”

“ಹಾಜರ್ರಿ ಸರ್,” ಎಂದಿತು ಒಳಗಿನ ದನಿ.

ಹೊರಗೆ ಬುಟ್ಟಿಯ ಪಕ್ಕ ನಿಂತಿದ್ದ ಭಾಗ್ಯಾ ಕೂಡ ರೂಢಿಯಂತೆ ಕೈಕಟ್ಟಿ, “ಹಾಜರ್—” ಎಂದಿದ್ದಳು. ಶಂಕ್ರೆವ್ವ ಗಬಕ್ಕನೆ ಮಗಳ ಬಾಯಿ ಮುಚ್ಚಿದಳು. ಕಿಟಕಿಯಲ್ಲಿ ಇಣುಕಿದರೆ ಸರ್ಕಾರಿ ಶಾಲೆಯ ಹೊಸ ಸಮವಸ್ತ್ರ ತೊಟ್ಟು ಎದ್ದು ನಿಂತವಳು ವಿಜಯಲಕ್ಷ್ಮಿ. ಹುಡುಗಿ ಎಲ್ಲೂ ತಡವರಿಸದೆ ಪಾಠ ಓದಿದಳು.

“ಶಾಬಾಸ್ ಭಾಗ್ಯಾ,” ಎಂದರು ಸಾಹೇಬರು. “ನೋಡ್ರಿ ಅಧ್ಯಕ್ಷರೇ, ದಲಿತ ಕೇರಿಯ ಮಗು ಹೀಗೆ ಓದ್ತಿದೆ. ವಿಶೇಷ ಅನುದಾನ ಇರೋದೇ ಇಂಥ ಮಕ್ಕಳಿಗೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳ ಹೆಸರಿಗೆ ಚಪ್ಪಾಳೆ ಬಿದ್ದದ್ದು ಕೇಳಿ ಒಂದು ಗಳಿಗೆ ಶಂಕ್ರೆವ್ವನ ಎದೆ ಹಿಗ್ಗಿತು. ಹಿಗ್ಗಿದ್ದಕ್ಕೇ ಆಮೇಲೆ ನಾಚಿಕೆಯಾಯಿತು, ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಗಳ ಬಾಯಿಯ ಮೇಲೆ ಅವಳ ಅಂಗೈ ಇನ್ನೂ ಹಾಗೇ ಇತ್ತು. ಭಾಗ್ಯಾ ಅದನ್ನು ಕಿತ್ತು ತೆಗೆದಳು.

“ಯವ್ವಾ, ಭಾಗ್ಯಾ ನಾ ಅಲ್ಲೇನ?”

ಸಿದ್ದಾರೂಢ ಮಾಸ್ತರ ಅವಸರದಲ್ಲಿ ಹೊರಗೆ ಬಂದ. ಅವಳ ಮುಖ ನೋಡದೆ ಪಿಸುಗುಟ್ಟಿದ.

“ಹೋಗವ್ವಾ, ಒಂದು ತಾಸಿನ ಮಾತು. ಹೆಸರಷ್ಟ ನಿಮ್ದು ಬರ್ಕೊಳ್ಳೂದು. ಖೋಲಿ ಬಂದ್ರ ನಿನ್ನ ಮಗಳಿಗೂ ಬಂದಂಗ ಅಲ್ಲೇನ?”

“ಯಾಕ್ರಿ, ಅದನ್ನೂ ತೊಳ್ಯಾಕೇನ್ರಿ?”

ಮಗಳ ರಟ್ಟೆ ಹಿಡಿದು ಸೀದಾ ಒಳಗೆ ನಡೆದಳು.

“ಸಾಹೇಬ್ರ, ಓದಿದಾಕಿ ಗೌಡ್ರ ಮೊಮ್ಮಗಳು. ಭಾಗ್ಯಾ ಇಕಿರಿ. ಇಕಿನ್ನ ಓದಸ್ರಿ.”

ಗೌಡ ಕುರ್ಚಿ ಒದ್ದು ಎದ್ದ. “ಹುಚ್ಚ ರಂಡಿ ಐತ್ರಿ ಸಾಹೇಬ್ರ, ಲಕ್ಷ್ಯ ಕೊಡಬ್ಯಾಡ್ರಿ. ಏ ಬೋಸುಡಿ, ನಡಿ ಹೊರಗ. ನಾಳಿಂದ ತೋಟದಾಗ ಕಾಲಿಟ್ರ ಕಾಲ ಮುರೀತೇನಿ.”

“ಮುರೀರಿ,” ಎಂದಳು ಶಂಕ್ರೆವ್ವ. ವಿಜಯಲಕ್ಷ್ಮಿಯ ಕೈಯಿಂದ ಪುಸ್ತಕ ತೆಗೆದುಕೊಂಡು ಮಗಳ ಕೈಗಿಟ್ಟಳು. “ಓದ.”

ಭಾಗ್ಯಾ ಪುಟ ನೋಡಿದಳು. ಕಿವಿ ಕೆಂಪಗಾದವು. “ಬರೂದಿಲ್ಲ ಯವ್ವಾ.”

“ನನಗಲ್ಲ, ಸಾಹೇಬ್ರಿಗೆ ಹೇಳ.”

“ಬರೂದಿಲ್ರಿ.”

“ಎಲ್ಲಾರೂ ಓದೂ ಹೊತ್ತಿನಾಗ ನೀ ಎಲ್ಲಿರ್ತಿ? ಹೇಳ,” ಎಂದಳು ಶಂಕ್ರೆವ್ವ.

“ಕಕ್ಕಸ ತೊಳೀತಿರ್ತೇನ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಹೆಡ್‌ಮಾಸ್ತರನ ಕಡೆ ನೋಡಿದರು, ಗೌಡನ ಕಡೆ ನೋಡಿದರು, ಕೊನೆಗೆ ಪೆನ್ನು ಮುಚ್ಚಿ ಕಿಸೆಗೆ ಸಿಕ್ಕಿಸಿಕೊಂಡರು.

“ಊಟದ ಹೊತ್ತಾಯ್ತು. ಆಮೇಲೆ ನೋಡೋಣಮ್ಮ.”

ಶಂಕ್ರೆವ್ವ ಹೋಗಿ ಬಾಗಿಲ ನಡುವೆ ಕೂತುಬಿಟ್ಟಳು. ಆ ಕೋಣೆಗೆ ಇದ್ದದ್ದು ಅದೊಂದೇ ಬಾಗಿಲು. ಹೊರಗೆ ಹೋಗಬೇಕೆಂದರೆ ಗೌಡ ಅವಳನ್ನು ಮುಟ್ಟಿಕೊಂಡೇ ಹೋಗಬೇಕಿತ್ತು.

“ಭಾಗ್ಯಾಗ ಓದಾಕ ಬರೂದಿಲ್ಲ ಅಂತ ಬರ್ಕೊಳ್ರಿ ಸಾಹೇಬ್ರ. ಯಾಕ ಬರೂದಿಲ್ಲ ಅಂತನೂ ಬರ್ಕೊಳ್ರಿ. ಆಮ್ಯಾಲ ಉಣ್ಣಾಕ ಹೋಗ್ರಿ.”

ಭಾಗ್ಯಾ ಅಳುತ್ತ ಬಂದು ಅವ್ವನ ಸೆರಗು ಜಗ್ಗಿದಳು.

“ಏಳ ಯವ್ವಾ. ನನಗ ನಾಚಿಕಿ ಬರಾಕತ್ತೇತಿ.”

“ನನಗೂ ಬರಾಕತ್ತೇತಿ,” ಎಂದಳು ಶಂಕ್ರೆವ್ವ. ಬಾಗಿಲು ಬಿಡಲಿಲ್ಲ.