ಕೊಡುವವನ ದೋಣಿ

ಭಾನುವಾರದ ಊಟಕ್ಕೆ ಟುರಿಡ್ ತವರಿಗೆ ಬಂದಾಗ ಅಡುಗೆಮನೆಯ ಬೆಂಚಿನ ಮೇಲೆ, ಅಪ್ಪ ಅಸ್ಲಾಕ್‌ನ ಪಕ್ಕದಲ್ಲಿ ಹಾಲ್‌ವರ್ ಕುಳಿತಿದ್ದ. ಅಂಗಿಯ ತೋಳು ಮಡಚಿಕೊಂಡು, ಬೆಂದ ಮೀನಿನ ಮುಳ್ಳುಗಳನ್ನು ಮನೆಯವನಂತೆ ತಟ್ಟೆಯ ಅಂಚಿಗೆ ಇಡುತ್ತಿದ್ದ. ಆ ಕೊಲ್ಲಿಯ ಸಾಲ್ಮನ್ ಮೀನಿನ ಸಾಕಣೆಯೆಲ್ಲ ಅವನದು. ರಾಜಧಾನಿ ಓಸ್ಲೋದಿಂದ ಬಂದವನು ಮೊದಲು ಊರಿನ ಈಜುಕೊಳಕ್ಕೆ ಸೂರು ಹಾಕಿಸಿದ, ಆಮೇಲೆ ತನ್ನದೇ ಪಕ್ಷ ಕಟ್ಟಿದ. ಈಗ ದ್ವೀಪದ ಮೇಯರ್.

ಪುರಸಭೆಯ ವೈದ್ಯದೋಣಿ ಕಟ್ಟೆಗೆ ಕಟ್ಟಿಕೊಂಡು ನಿದ್ದೆ ಹೊಡೆಯುತ್ತಿದೆ, ಅದನ್ನು ಮಾರಿಬಿಡೋಣ, ರೋಗಿಗಳನ್ನು ಆಸ್ಪತ್ರೆಗೆ ತನ್ನ ಕಂಪನಿಯ ದೋಣಿಗಳೇ ಪುಕ್ಕಟೆ ಸಾಗಿಸುತ್ತವೆ ಎಂದು ಅವನು ಊಟದ ನಡುವೆ ವಿವರಿಸಿದ. ಪುರಸಭೆಯ ಮತದಾನದಲ್ಲಿ ಅದಕ್ಕೆ ಒಂದು ಕೈ ಕಡಿಮೆ ಬೀಳುತ್ತಿತ್ತು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಟುರಿಡ್ ಆ ಸಭೆಯ ಸದಸ್ಯೆ. ಹೊರಡುವಾಗ ಹಾಲ್‌ವರ್ ತಾನು ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟ. ಅಮ್ಮ ಗುನ್‌ವೋರ್ ಅದನ್ನೇ ಮತ್ತೆ ಮತ್ತೆ ಹೇಳಿ ಸಂತೋಷಪಟ್ಟಳು.

"ಸುಮ್ನೆ ಕಾಯ್ಕೊಂಡು ನಿಂತಿರೋದೇ ಆ ದೋಣಿ ಕೆಲಸ ಅಪ್ಪ," ಎಂದಳು ಟುರಿಡ್. "ನಿನ್ನ ಎದೆನೋವು ಹೇಳಿ ಕೇಳಿ ಬರುತ್ತಾ?"

"ಅವನ ಹತ್ರ ಬೇಕಾದಷ್ಟಿದೆ," ಎಂದ ಅಪ್ಪ. "ನಮ್ಮದನ್ನ ಕದಿಯೋ ಗತಿ ಅವನಿಗೆ ಬಂದಿಲ್ಲ. ಹಿಂದಿನ ಮೇಯರ್‌ಗಳು ಬರೀ ಸಭೆ ಮಾಡಿದ್ರು."

"ಕದೀತಾನೆ ಅಂತ ಯಾರಂದ್ರು? ಒಂದೇ ಹೊತ್ತಿಗೆ ಎರಡು ಕಡೆಯಿಂದ ಕೂಗು ಬಂದ್ರೆ ಅವನ ದೋಣಿ ಯಾವ ಕಡೆ ಹೋಗುತ್ತೆ?"

ಹಾಲ್‌ವರ್‌ನ ದೋಣಿ ನಡೆಸುತ್ತಿದ್ದ ಅವಳ ತಮ್ಮ ಯೋಸ್ಟೈನ್ ನಕ್ಕ. "ಮೇಷ್ಟ್ರಮ್ಮಾ, ಈ ಪರೀಕ್ಷೆ ಎಲ್ಲ ನನ್ನ ಕೆಲಸ ಹೋದ್ಮೇಲೆ ಇಟ್ಕೋ."

ಮೀನುಗಾರರ ಗುಡಿಸಲೂ ಬಲೆಯೂ ಒಬ್ಬನೇ ಧಣಿಯ ಸ್ವತ್ತಾಗಿದ್ದ ಕಾಲದಿಂದ ಆ ಮನೆಗಳಲ್ಲಿ ಒಂದು ಪದ್ಧತಿ ಉಳಿದುಬಂದಿತ್ತು. ಉಪಕಾರ ಮಾಡಿದವನಿಗೆ ಮನೆಯ ಮತಗಳೆಲ್ಲ ಒಟ್ಟಾಗಿ ಹೋಗಬೇಕು, ಕೊಟ್ಟವನನ್ನು ಪ್ರಶ್ನೆ ಕೇಳಬಾರದು. ಧಣಿಗಳು ಹೋದರೂ ಪ್ರಶ್ನೆ ಕೇಳಲು ಪಡುವ ಆ ನಾಚಿಕೆ ಹೋಗಲಿಲ್ಲ. ಈ ಮನೆಯ ಮಾನ ಕಳೆಯಬೇಡ ಎಂದು ಅಪ್ಪ ಎರಡು ವಾರ ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೆ ಟುರಿಡ್ ಸಭೆಯಲ್ಲಿ ಮಾರಾಟದ ಪರ ಕೈ ಎತ್ತಿದಳು. ದೋಣಿ ಮಾರಾಟವಾಯಿತು.

ಜನವರಿಯ ಬಿರುಗಾಳಿ ಎದ್ದ ದಿನ ಮಧ್ಯಾಹ್ನ ಎದೆನೋವು ಬಂದು ಕಾಫಿಯ ಬಟ್ಟಲು ಅಸ್ಲಾಕ್‌ನ ಕೈಯಿಂದ ಜಾರಿತು. ಆ ಗಾಳಿಯಲ್ಲಿ ಹೆಲಿಕಾಪ್ಟರ್ ಏಳುವಂತಿರಲಿಲ್ಲ. ಓಡಿಬಂದ ಟುರಿಡ್ ತಮ್ಮನಿಗೆ ಫೋನು ಮಾಡಿದಳು. ಮೀನಿನ ಪಂಜರಗಳ ಹಗ್ಗ ಹರಿದಿದೆ, ದೋಣಿಗಳೆಲ್ಲ ಅಲ್ಲೇ ಇವೆ ಎಂದು ಅವನು ಗಾಳಿಯ ನಡುವೆ ಕೂಗಿ ಹೇಳಿದ.

"ಅಪ್ಪನಿಗೆ ಕಣೋ."

"ಹಾಲ್‌ವರ್‌ನ ಕೇಳ್ತೀನಿ," ಎಂದ ಯೋಸ್ಟೈನ್.

ಅಸ್ಲಾಕ್ ಕಿಟಕಿಯ ಕಡೆಗೇ ಮುಖ ಮಾಡಿ ಮಲಗಿದ್ದ. "ಬರ್ತಾನೆ. ಮಾತು ಕೊಟ್ಟಿದಾನೆ," ಎನ್ನುತ್ತಿದ್ದ. ದೋಣಿ ಕಟ್ಟೆಗೆ ಬರುವಷ್ಟರಲ್ಲಿ ಅವನ ಕೈ ತಣ್ಣಗಾಗಿತ್ತು. ಪಂಜರದ ಮೀನುಗಳೆಲ್ಲ ಉಳಿದವು.

ಶವಸಂಸ್ಕಾರ ಮುಗಿಸಿ ಊರವರು ಕಾಫಿಗೆ ಸೇರಿದಾಗ ಹಾಲ್‌ವರ್ ಬಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ರೋಗಿಗಳಿಗೆಂದೇ ಹೊಸದೊಂದು ದೋಣಿ ಕೊಡುತ್ತೇನೆ, ಅದಕ್ಕೆ ಅಸ್ಲಾಕ್‌ನ ಹೆಸರಿಡುತ್ತೇನೆ ಎಂದ. ಕೋಣೆಯೆಲ್ಲ ಹಗುರಾದಂತಾಯಿತು. ಟುರಿಡ್‌ಳ ಚಿಕ್ಕಪ್ಪ ಒಪ್ಪಿಗೆಯ ಕೈಕುಲುಕಿಗೆ ಆಗಲೇ ಕೈ ಮುಂದೆ ಚಾಚಿದ್ದ.

"ಬೇಡ," ಎಂದಳು ಟುರಿಡ್. "ನೀನು ಕೆಟ್ಟವನು ಅಂತಲ್ಲ ಹಾಲ್‌ವರ್. ನೀನು ಕೊಟ್ಟ ದೋಣಿ ನೀನು ಕರೆದ ಕಡೆ ಹೋಗುತ್ತೆ. ನಾವು ತೆರಿಗೆ ಕಟ್ಟಿ ನಮ್ಮದನ್ನ ಇಟ್ಕೋತೀವಿ. ಸೋಮವಾರ ಸಭೇಲಿ ಇದನ್ನೇ ಕೇಳ್ತೀನಿ."

ನಾಚಿಕೆಗೇಡು ಎಂದು ಚಿಕ್ಕಪ್ಪ ಗೊಣಗಿದ. ಹಾಲ್‌ವರ್ ಮೃದುವಾಗಿ ನಕ್ಕ. "ದುಃಖದಲ್ಲಿದೀಯ. ಸೆಪ್ಟೆಂಬರ್‌ನಲ್ಲಿ ನಾನು ಪಾರ್ಲಿಮೆಂಟಿಗೆ ನಿಲ್ಲೋನು, ಅಲ್ಲಿಂದ ಎಲ್ಲ ಸರಿಮಾಡ್ತೀನಿ. ಇಡೀ ದೇಶಕ್ಕೇ ಮಾಡ್ತೀನಿ." ಹಲವರು ತಲೆಯಾಡಿಸಿದರು.

ಆಗ ಮೂಲೆಯ ಕುರ್ಚಿಯಿಂದ ಗುನ್‌ವೋರ್ ಮೆಲ್ಲನೆ ಮಾತಾಡಿದಳು.

"ಮೊದಲು ಒಂದು ಹೇಳು, ಹಾಲ್‌ವರ್. ಅವತ್ತು ನನ್ನ ಮಗ ನಿನ್ನನ್ನ ದೋಣಿ ಕೇಳಿದ್ನಲ್ಲ, ಏನಂದೆ?"

ಹಾಲ್‌ವರ್ ಯೋಸ್ಟೈನ್‌ನ ಕಡೆ ನೋಡಿದ. ಯೋಸ್ಟೈನ್ ತಲೆ ತಗ್ಗಿಸಲಿಲ್ಲ. ಬಟ್ಟಲುಗಳೆಲ್ಲ ಮೇಜಿನ ಮೇಲೆ ಇಳಿದವು. ಊರು ಉತ್ತರಕ್ಕೆ ಕಾಯುತ್ತಾ ಕುಳಿತಿತ್ತು.