ಒಲೆಯ ಪಕ್ಕದ ಕೈಗವಸು

ಜಪಾನಿನ ಕುಶಿರೊ ಬಂದರಿನಲ್ಲಿ ಬಲೆ ಹೊಲಿಯುವ ಮುದುಕ ತೋಕಿಜಿ ಆ ಹಾಡನ್ನು ಮೊದಲು ಕೇಳಿದ್ದು ಕಿನುಯೆಯ ಕ್ಷೌರದಂಗಡಿಯಲ್ಲಿ, ಮುಖಕ್ಕೆಲ್ಲ ನೊರೆ ಮೆತ್ತಿಸಿಕೊಂಡು ಕೂತಿದ್ದಾಗ. ಯಾವತ್ತೋ ಬಂದು ಯಾರೂ ಕೇಳದೆ ಮೂಲೆ ಸೇರಿದ್ದ ಹಾಡಂತೆ. ಈಗ ಎಲ್ಲೆಲ್ಲಿಯದೋ ದೇಶದ ಹುಡುಗರು ಅದನ್ನು ಹುಡುಕಿ ತೆಗೆದು ಹುಚ್ಚು ಹಿಡಿದವರಂತೆ ಕೇಳುತ್ತಿದ್ದಾರಂತೆ. ರೇಡಿಯೊದವಳು ಹೇಳಿದ ಗಾಯಕಿಯ ಹೆಸರು ತೋಕಿಜಿಗೆ ಹೊಸದು. ಪಿಯಾನೊ ಮೆಲ್ಲಗೆ ಶುರುವಾಯಿತು, ಹಿಂದೆಯೇ ದನಿ ಬಂತು. ಅದು ಅವನ ಹೆಂಡತಿ ಸಯೊಕೊಳ ದನಿ.

ನೀನು ಹೊರಟುಹೋದೆ, ನಿನ್ನ ಕೆಂಪು ಕೈಗವಸು ಒಲೆಯ ಪಕ್ಕ ಇನ್ನೂ ಒಣಗುತ್ತಿದೆ, ಕೈ ಮರಗಟ್ಟುವ ಮೊದಲು ಬಂದುಬಿಡು ಎಂದು ಅವಳು ಹಾಡುತ್ತಿದ್ದಳು.

ಸರದಿಗೆ ಕಾದಿದ್ದ ಮೀನು ವ್ಯಾಪಾರಿ ಇವಾವೊ ನಕ್ಕ. "ಕೆಂಪು ಕೈಗವಸು ಹಾಕ್ಕೊಳೋ ಗಂಡಸಂತೆ! ಯಾವನೋ ಶೋಕಿಲಾಲ ಕೈಕೊಟ್ಟು ಓಡಿದಾನೆ."

"ನಿನಗೋಸ್ಕರ ಯಾರಾದ್ರೂ ಹಿಂಗೆ ಹಾಡಿದ್ರೆ ಹೇಳು, ಸಾಯೋವರೆಗೂ ಬಿಟ್ಟಿ ಕ್ಷೌರ ಮಾಡ್ತೀನಿ," ಎಂದಳು ಕಿನುಯೆ.

ತೋಕಿಜಿ ಕತ್ತಿ ಹಿಡಿದಿದ್ದ ಅವಳ ಕೈಯನ್ನು ಮೆಲ್ಲಗೆ ಸರಿಸಿದ. "ಅದು ಗಂಡಸಿನದಲ್ಲ. ನಮ್ ಚಿನಾಮೀದು. ನಾನೇ ತಂದ್ಕೊಟ್ಟಿದ್ದೆ."

ಚಿನಾಮಿ ಅವರ ಒಬ್ಬಳೇ ಮಗಳು. ಚಳಿಗಾಲದ ಕೊನೆಯಲ್ಲಿ ಮನೆ ಹಿಂದಿನ ಕೆರೆಯ ಮಂಜುಗಡ್ಡೆ ಒಡೆದು ಮುಳುಗಿದಾಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಕೈಗವಸು ಒದ್ದೆಯಾಗಿದೆಯೆಂದು ತಾಯಿ ಒಲೆಯ ಪಕ್ಕ ಒಣಹಾಕಿದ್ದಳು. ಮಗು ಬರಿಗೈಯಲ್ಲೇ ಆಚೆ ಓಡಿತ್ತು. ಮೇಲೆತ್ತಿದಾಗ ಗಡ್ಡೆಯ ಅಂಚು ಹಿಡಿದು ಹಿಡಿದು ಬೆರಳೆಲ್ಲ ತರಚಿದ್ದವು. ಶವದ ಮುಂದೆ ಸಯೊಕೊ ಒಂದು ಹನಿ ಕಣ್ಣೀರು ಹಾಕಲಿಲ್ಲ. ವರ್ಷ ತುಂಬುವ ಮೊದಲೇ ಮನೆ ಬಿಟ್ಟು ಸಪ್ಪೊರೊ ನಗರದ ಬಾರೊಂದರಲ್ಲಿ ಬೇರೆ ಹೆಸರಿಟ್ಟುಕೊಂಡು ಹಾಡತೊಡಗಿದಳು. ಹೆತ್ತ ಕೂಸು ಸತ್ತರೂ ಹಾಡಲು ಬಾಯಿ ಬರುತ್ತದಲ್ಲ ಎಂದು ಊರು ಉಗಿಯಿತು. ತೋಕಿಜಿಯೂ ಹಾಗೇ ನಂಬಿದ. ಅವಳ ಹೆಸರನ್ನು ಮತ್ತೆ ಬಾಯಿಗೆ ತರಲಿಲ್ಲ.

ಇವಾವೊ ತಲೆ ತಗ್ಗಿಸಿ ಟೋಪಿ ಹಾಕಿಕೊಂಡು ಎದ್ದುಹೋದ. ಕಿನುಯೆ ರೇಡಿಯೊದವರಿಗೆ ಫೋನು ಮಾಡಿದಳು. ಗಾಯಕಿ ಸಪ್ಪೊರೊದ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ತೀರಿಕೊಂಡು ಎಷ್ಟೋ ವರ್ಷವಾಯಿತು, ಅಸ್ಥಿ ಕೇಳಿಕೊಂಡು ಯಾರೂ ಬರದ್ದರಿಂದ ಅನಾಥರ ಸಮಾಧಿಗೆ ಹಾಕಿದರು ಎಂದು ಅವರು ವಿಚಾರಿಸಿ ತಿಳಿಸಿದರು.

ಅಸ್ಥಿಯನ್ನು ಮಗಳ ಪಕ್ಕ ಇಡಬೇಕೆಂದು ತೋಕಿಜಿ ಹಟ ಹಿಡಿದ. ಕಿನುಯೆ ಅಂಗಡಿ ಮುಚ್ಚಿ ಅವನ ಜೊತೆ ರೈಲು ಹತ್ತಿದಳು. ಸಮಾಧಿ ನೋಡಿಕೊಳ್ಳುವವನು ಎರಡೆರಡು ಸಲ ಬಾಗಿ ಕ್ಷಮೆ ಕೇಳಿದ. "ಎಲ್ಲರದೂ ಒಟ್ಟಿಗೆ ಸುರೀತೀವಿ ತಾತ. ಬೆರೆತ ಮೇಲೆ ಯಾರದು ಯಾವುದು ಅಂತ ಆರಿಸೋಕಾಗಲ್ಲ."

ಗಾಳಿಗೆ ಊದುಬತ್ತಿ ಹತ್ತಲೇ ಇಲ್ಲ. ಹಾಡು ಹಾಕಲೇ ಎಂದು ಕಿನುಯೆ ಫೋನು ತೆಗೆದಳು.

"ಬೇಡ," ಎಂದ ತೋಕಿಜಿ. "ಅವಳು ಹಾಡ್ತಿದ್ದಾಗ ನಾನು ಕೇಳ್ಲಿಲ್ಲ."

ಆ ಚಳಿಗಾಲ ಊರಿನ ಅಂಗಡಿಗಳಲ್ಲೆಲ್ಲ ಆ ಹಾಡೇ. ಎಲ್ಲಾದರೂ ಪಿಯಾನೊ ಶುರುವಾದರೆ ತೋಕಿಜಿ ಕೈಯಲ್ಲಿದ್ದ ಮೂಲಂಗಿಯನ್ನೋ ತೋಫುವನ್ನೋ ಅಲ್ಲೇ ಇಟ್ಟು ಹಿಮದೊಳಕ್ಕೆ ನಡೆದುಬಿಡುತ್ತಿದ್ದ.